ವೀಡ್ ಕಟರ್ ಸ್ಟಾರ್ಟ್ ಆಗ್ತಿಲ್ವಾ? ಹಗ್ಗ ಬಿಡಿ, ಪ್ಲಗ್ ಬಿಚ್ಚಿ

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಸ್ವಲ್ಪ ದಿನಕ್ಕೇ ಕಾಫಿ ತೋಟದಲ್ಲಿ ಕಳೆ ಏಳುತ್ತದೆ. ಕೊಯ್ಲಿನ ಕಾಲದಲ್ಲಿ ಮೂಲೆ ಸೇರಿದ್ದ ವೀಡ್ ಕಟರ್ ಆಗ ಹೊರಗೆ ಬರುತ್ತದೆ. ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು, ಸಕಲೇಶಪುರ, ಯಾವ ಕಡೆ ಹೋದರೂ ಆ ದಿನಗಳಲ್ಲಿ ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ಕೇಳುವುದು ಒಂದೇ ಮಾತು: "ರೈಟ್ರೇ, ಮಿಷನ್ ಸ್ಟಾರ್ಟ್ ಆಗ್ತಿಲ್ಲ." ಒಬ್ಬರಾದ ಮೇಲೆ ಒಬ್ಬರು ಹಗ್ಗ ಎಳೆಯುತ್ತಾರೆ. ಭುಜ ನೋಯುತ್ತದೆ, ಹಗ್ಗ ಕಿತ್ತು ಬರುತ್ತದೆ, ಕಳೆ ಹೊಡೆಯಲು ಬಂದವರ ಅರ್ಧ ದಿನ ಹೋಗುತ್ತದೆ.

ಐದಾರು ಸಲ ಎಳೆದರೂ ಎಂಜಿನ್ ಹಿಡಿಯಲಿಲ್ಲ ಅಂದರೆ ಮತ್ತೆ ಎಳೆಯಬೇಡಿ. ಎಂಜಿನ್‌ಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಪ್ಲಗ್ ಒದ್ದೆಯಾಗಿದ್ದರೆ ಹುಡುಕುವ ದಾರಿ ಒಂದು, ಒಣಗಿದ್ದರೆ ಇನ್ನೊಂದು. ಇದನ್ನು ನೋಡದೆ ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚುವುದು, ಸ್ಕ್ರೂ ತಿರುಗಿಸುವುದು ಸುಮ್ನೆ ಕೆಲಸ ಹೆಚ್ಚಿಸಿಕೊಂಡಂತೆ. ಈಗಿನ ತೋಟಗಳಲ್ಲಿ ಕೆಲಸಕ್ಕೆ ಜನ ಸಿಗುವುದೇ ಕಷ್ಟ. ಬಂದವರು ಮಿಷನ್ ಮುಂದೆ ಕೂತು ಹೊತ್ತು ಕಳೆಯುವಂತಾಗಬಾರದು ಅಂತ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ನಿಮ್ಮ ಮಿಷನ್ ಯಾವುದು ಅಂತ ಮೊದಲು ನೋಡಿ

ಟೂ ಸ್ಟ್ರೋಕ್ ಮಿಷನ್‌ಗೆ ಪೆಟ್ರೋಲ್ ಜೊತೆಗೇ ಆಯಿಲ್ ಬೆರೆಸಿ ಹಾಕಬೇಕು. ಫೋರ್ ಸ್ಟ್ರೋಕ್‌ಗೆ ಬರೀ ಪೆಟ್ರೋಲ್, ಆಯಿಲ್ ಬೇರೆ. ಎಂಜಿನ್ ಮೇಲೆ ಪೆಟ್ರೋಲ್ ಮುಚ್ಚಳ ಬಿಟ್ಟು ಆಯಿಲ್ ಹಾಕಲು ಇನ್ನೊಂದು ಮುಚ್ಚಳ ಇದ್ದರೆ ಅದು ಫೋರ್ ಸ್ಟ್ರೋಕ್. ಸ್ಟಿಲ್, ಹಸ್ಕ್‌ವರ್ನಾ ಕಂಪನಿಗಳ ಬಹಳಷ್ಟು ಮಿಷನ್‌ಗಳಿಗೆ ಬೆರೆಸಿದ ಪೆಟ್ರೋಲೇ ಬೇಕು. ಹೋಂಡಾದ ಜಿಎಕ್ಸ್35 ಎಂಜಿನ್ ಇರುವ ಮಿಷನ್‌ಗಳು ಫೋರ್ ಸ್ಟ್ರೋಕ್; ಅದರ ಹೊಟ್ಟೆಗೆ ಹಿಡಿಸುವ ಆಯಿಲ್ ಬರೀ 100 ಮಿಲಿ.

ಒಂದೇ ತೋಟದಲ್ಲಿ ಎರಡೂ ಬಗೆ ಇರುವುದು ಈಗ ಮಾಮೂಲಿ. ತೊಂದರೆ ಶುರುವಾಗುವುದು ಅಲ್ಲೇ. ಟೂ ಸ್ಟ್ರೋಕ್‌ಗೆ ಬರೀ ಪೆಟ್ರೋಲ್ ಹಾಕಿದರೆ ಪಿಸ್ಟನ್‌ಗೆ ಜಾರುವುದಕ್ಕೆ ಎಣ್ಣೆಯೇ ಇಲ್ಲದೆ ಅದು ಸಿಲಿಂಡರ್‌ಗೆ ಉಜ್ಜಿ ಗೀರು ಬೀಳುತ್ತದೆ, ಕೊನೆಗೆ ಕಚ್ಚಿಕೊಳ್ಳುತ್ತದೆ. ಫೋರ್ ಸ್ಟ್ರೋಕ್‌ಗೆ ಬೆರೆಸಿದ್ದನ್ನು ಹಾಕಿದರೆ ಅಷ್ಟು ಅನಾಹುತ ಆಗುವುದಿಲ್ಲ. ಹೊಗೆ ಬರುತ್ತದೆ, ಪ್ಲಗ್ ಕಪ್ಪಾಗುತ್ತದೆ, ಸ್ಟಾರ್ಟಿಂಗ್ ಕಷ್ಟವಾಗುತ್ತದೆ. ಎರಡಕ್ಕೂ ಬೇರೆ ಬೇರೆ ಬಣ್ಣದ ಕ್ಯಾನ್ ಇಡಿ, ಕ್ಯಾನ್ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಓದಲು ಬಾರದವರಿಗೆ ಬಣ್ಣವೇ ಗುರುತು.

ಪೆಟ್ರೋಲ್ ಎಷ್ಟು ಹಳೆಯದು?

ತಿಂಗಳುಗಟ್ಟಲೆ ನಿಂತ ಮಿಷನ್ ಸ್ಟಾರ್ಟ್ ಆಗದಿದ್ದರೆ ನಾನು ಮೊದಲು ಅನುಮಾನ ಪಡುವುದು ಪೆಟ್ರೋಲ್ ಮೇಲೆ. ಎಂಜಿನ್ ಮೇಲಲ್ಲ, ಕಂಪನಿ ಮೇಲೂ ಅಲ್ಲ.

ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಎಥನಾಲ್ ಇರುತ್ತದೆ. ಶೇ 20ರಷ್ಟು ಎಥನಾಲ್ ಇರುವ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಯಕ್ರಮದಲ್ಲಿ ಬಿಡುಗಡೆಯಾಯಿತು. ಈಗ ಎಲ್ಲ ಕಡೆ ಅದೇ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಗಾಳಿಯಲ್ಲಿ ತೇವಕ್ಕೇನು ಬರ ಅಲ್ವಾ? ಮುಚ್ಚಳ ಸಡಿಲವಿದ್ದ ಕ್ಯಾನ್‌ನಲ್ಲಿ, ಅರ್ಧ ಖಾಲಿ ಟ್ಯಾಂಕ್‌ನಲ್ಲಿ ತೇವ ಸೇರುತ್ತಾ ಹೋಗುತ್ತದೆ. ಒಂದು ಮಟ್ಟ ದಾಟಿದ ಮೇಲೆ ನೀರೂ ಎಥನಾಲೂ ಒಟ್ಟಿಗೆ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಟ್ಯಾಂಕ್ ಒಳಗಿನ ಫಿಲ್ಟರ್ ಇರುವುದೂ ತಳದಲ್ಲೇ. ಎಂಜಿನ್ ಮೊದಲು ಕುಡಿಯುವುದೇ ಆ ನೀರನ್ನು.

ಪರೀಕ್ಷೆ ಸುಲಭ. ಟ್ಯಾಂಕ್‌ನಲ್ಲಿ ಇರುವುದನ್ನೆಲ್ಲ ಒಂದು ಗಾಜಿನ ಬಾಟಲಿಗೆ ಸುರಿದು, ಬಾಯಿ ಮುಚ್ಚಿ, ನೆರಳಿನಲ್ಲಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ, ಅಥವಾ ಪೂರ್ತಿ ಮಬ್ಬಾಗಿ ಕಂಡರೆ ಅದನ್ನು ಮತ್ತೆ ಹಾಕಬೇಡಿ. ವಾಸನೆಯನ್ನೂ ನೋಡಿ. ಹೊಸ ಪೆಟ್ರೋಲ್ ಮೂಗಿಗೆ ಚುರುಕಾಗಿ ಹೊಡೆಯುತ್ತದೆ, ಹಳೆಯದು ವಾರ್ನಿಷ್ ತರಹ ನಾರುತ್ತದೆ. ಬೇಡವಾದದ್ದನ್ನು ಹಳ್ಳಕ್ಕೋ ಗಿಡದ ಬುಡಕ್ಕೋ ಚೆಲ್ಲಬೇಡಿ. ತೋಟದ ನೀರು ಕೊನೆಗೆ ಭದ್ರಾ, ಹೇಮಾವತಿಗೇ ಹೋಗುವುದು.

ಬೆರೆಸುವ ಲೆಕ್ಕ: ಮಿಷನ್ ಪುಸ್ತಕದಲ್ಲಿ 50ಕ್ಕೆ 1 ಅಂತ ಇದ್ದರೆ ಒಂದು ಲೀಟರ್ ಪೆಟ್ರೋಲ್‌ಗೆ 20 ಮಿಲಿ ಆಯಿಲ್. 40ಕ್ಕೆ 1 ಅಂದರೆ 25 ಮಿಲಿ. 25ಕ್ಕೆ 1 ಅಂದರೆ 40 ಮಿಲಿ. ಅಂದಾಜಿನಲ್ಲಿ ಮುಚ್ಚಳದ ಅಳತೆ ಹಾಕುವುದನ್ನು ಬಿಡಿ, ಮೆಡಿಕಲ್ ಅಂಗಡಿಯಲ್ಲಿ ಸಿಗುವ ದೊಡ್ಡ ಸಿರಿಂಜ್ ಒಂದನ್ನು ಅದಕ್ಕೇ ಅಂತ ಇಟ್ಟುಕೊಳ್ಳಿ. "ಸ್ವಲ್ಪ ಜಾಸ್ತಿ ಆಯಿಲ್ ಹಾಕಿದ್ರೆ ಎಂಜಿನ್‌ಗೆ ಒಳ್ಳೇದು" ಅನ್ನುವ ನಂಬಿಕೆ ತುಂಬಾ ಜನರಲ್ಲಿದೆ. ಜಾಸ್ತಿಯಾದ ಆಯಿಲ್ ಪ್ಲಗ್ ಮೇಲೂ ಸೈಲೆನ್ಸರ್ ಒಳಗೂ ಮಸಿಯಾಗಿ ಕೂರುತ್ತದೆ. ಬೆರೆಸಿದ ಪೆಟ್ರೋಲನ್ನು ಒಂದು ತಿಂಗಳೊಳಗೆ ಮುಗಿಸಿ. ಹದಿನೈದು ದಿನಕ್ಕೆ ಬೇಕಾದಷ್ಟೇ ಬೆರೆಸುವುದು ಇನ್ನೂ ಒಳ್ಳೆಯದು.

ಸ್ಟಾರ್ಟ್ ಮಾಡುವ ಕ್ರಮ ಸರಿ ಇದೆಯಾ?

ಹೊಸ ಪೆಟ್ರೋಲ್ ಹಾಕಿದ ಮೇಲೆ ಕ್ರಮವಾಗಿ ಒಂದು ಸಲ ಪ್ರಯತ್ನಿಸಿ. ಪೆಟ್ರೋಲ್ ತುಂಬಿದ ಜಾಗದಿಂದ ಮೂರು ಮೀಟರ್‌ನಷ್ಟು ದೂರ ಬನ್ನಿ, ಬ್ಲೇಡ್ ನೆಲಕ್ಕೂ ಹುಲ್ಲಿಗೂ ತಾಗದಂತೆ ಇಡಿ, ಸುತ್ತ ಯಾರೂ ಇರಬಾರದು. ಸ್ವಿಚ್ ಆನ್ ಆಗಿದೆಯಾ ನೋಡಿ. ಕಾರ್ಬೊರೇಟರ್ ಹತ್ತಿರ ಇರುವ ಮೆತ್ತನೆಯ ಪ್ಲಾಸ್ಟಿಕ್ ಗುಳ್ಳೆಯನ್ನು, ಅಂದರೆ ಪ್ರೈಮರ್ ಬಲ್ಬನ್ನು, ಪೆಟ್ರೋಲ್ ಕಾಣುವವರೆಗೆ ಐದಾರು ಸಲ ಒತ್ತಿ. ಚೋಕ್ ಹಾಕಿ, ಅಂದರೆ ಎಂಜಿನ್‌ಗೆ ಹೋಗುವ ಗಾಳಿ ಕಡಿಮೆ ಮಾಡುವ ಲಿವರ್ ಮುಚ್ಚಿ. ಹಗ್ಗವನ್ನು ಬಿಗಿ ಸಿಗುವವರೆಗೆ ನಿಧಾನವಾಗಿ ಎಳೆದು, ಅಲ್ಲಿಂದ ಒಂದೇ ಸಲಕ್ಕೆ ಜೋರಾಗಿ ಎಳೆಯಿರಿ. ಕೈ ಬಿಟ್ಟು ಹಗ್ಗವನ್ನು ಫಟ್ ಅಂತ ಒಳಗೆ ಹೋಗಲು ಬಿಡಬೇಡಿ, ಹಿಡಿದೇ ಒಳಗೆ ಕಳಿಸಿ.

ಇನ್ನು ಮುಖ್ಯವಾದ ವಿಷಯ. ಎರಡು ಮೂರು ಸಲ ಎಳೆಯುವಷ್ಟರಲ್ಲಿ ಎಂಜಿನ್ ಒಮ್ಮೆ ಕೆಮ್ಮಿದ ಹಾಗೆ ಸದ್ದು ಮಾಡಿ ನಿಲ್ಲುತ್ತದೆ. ಆ ಸದ್ದು ಕೇಳಿದ ಕೂಡಲೇ ಚೋಕ್ ತೆಗೆಯಬೇಕು. ಅರ್ಧ ಚೋಕ್ ಇರುವ ಮಿಷನ್ ಆದರೆ ಅರ್ಧಕ್ಕೆ ತನ್ನಿ. ಮುಂದಿನ ಎಳೆತಕ್ಕೆ ಎಂಜಿನ್ ಹಿಡಿಯುತ್ತದೆ. ಚೋಕ್ ಹಾಕಿಕೊಂಡೇ ಎಳೆಯುತ್ತಾ ಹೋದರೆ ಪ್ರತಿ ಎಳೆತಕ್ಕೂ ಇನ್ನಷ್ಟು ಪೆಟ್ರೋಲ್ ಒಳಗೆ ಹೋಗಿ ಪ್ಲಗ್ ನೆನೆಯುತ್ತದೆ. ಕಳೆ ಹೊಡೆಯುವ ಸದ್ದಿನ ಮಧ್ಯೆ, ಕಿವಿಗೆ ಹತ್ತಿ ಇಟ್ಟುಕೊಂಡವರಿಗೆ ಈ ಕೆಮ್ಮು ಕೇಳಿಸುವುದೇ ಇಲ್ಲ. ಸ್ಟಾರ್ಟ್ ಮಾಡುವವರು ಸ್ವಲ್ಪ ದೂರ ಹೋಗಿ ಮಾಡಲಿ. ಬಿಸಿಯಾಗಿರುವ ಎಂಜಿನ್‌ಗೆ ಚೋಕ್ ಬೇಡವೇ ಬೇಡ.

ಇಷ್ಟಾದರೂ ಹಿಡಿಯಲಿಲ್ಲವಾ? ಈಗ ಪ್ಲಗ್ ಬಿಚ್ಚಿ. ಎಂಜಿನ್ ತಣ್ಣಗಿರಲಿ. ಮಿಷನ್ ಜೊತೆ ಬಂದ ಪ್ಲಗ್ ಪಾನಾವನ್ನೇ ಬಳಸಿ, ಪ್ಲಗ್ ಸುತ್ತಲಿನ ಮಣ್ಣು, ಹುಲ್ಲಿನ ಚೂರನ್ನು ಮೊದಲು ಬ್ರಷ್‌ನಿಂದ ಒರೆಸಿ. ಇಲ್ಲದಿದ್ದರೆ ಅದು ಸಿಲಿಂಡರ್ ಒಳಗೆ ಬೀಳುತ್ತದೆ.

ಪ್ಲಗ್ ಒದ್ದೆಯಾಗಿದ್ದರೆ

ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ ಅಂತ ಅರ್ಥ. ಮೊದಲು ಒಳಗಿನ ಪೆಟ್ರೋಲ್ ಹೊರಗೆ ಹಾಕಬೇಕು. ಸ್ವಿಚ್ ಆಫ್ ಮಾಡಿ, ಚೋಕ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಪ್ಲಗ್ ತೂತು ಕೆಳಮುಖವಾಗಿರುವಂತೆ ಎಂಜಿನ್ ಓರೆ ಮಾಡಿ ಏಳೆಂಟು ಸಲ ಹಗ್ಗ ಎಳೆಯಿರಿ. ಮುಖ ಆ ಕಡೆ ಇರಬಾರದು, ಹತ್ತಿರದಲ್ಲಿ ಬೀಡಿ ಬೆಂಕಿ ಯಾವುದೂ ಇರಬಾರದು. ಹತ್ತು ನಿಮಿಷ ಹಾಗೇ ಬಿಡಿ. ಪ್ಲಗ್ ಒರೆಸಿ, ವೈರ್ ಬ್ರಷ್ ಆಡಿಸಿ, ಒಣಗಿಸಿ.

ಈಗ ಕಿಡಿ ಬರುತ್ತಿದೆಯಾ ನೋಡಬೇಕು. ಚೆಲ್ಲಿದ ಪೆಟ್ರೋಲ್ ಒರೆಸಿ, ಟ್ಯಾಂಕ್ ಮುಚ್ಚಳ ಬಿಗಿ ಮಾಡಿ, ಆ ಜಾಗ ಬಿಟ್ಟು ದೂರ ಬನ್ನಿ. ಪ್ಲಗ್‌ಗೆ ಕ್ಯಾಪ್ ಸಿಕ್ಕಿಸಿ. ಪ್ಲಗ್‌ನ ಲೋಹದ ಭಾಗವನ್ನು ಸಿಲಿಂಡರ್‌ನ ಲೋಹಕ್ಕೆ ತಾಗಿಸಿ ಹಿಡಿಯಿರಿ. ಪ್ಲಗ್ ತೂತಿನಿಂದ ಅದು ದೂರವಿರಲಿ, ಬರಿಗೈಯಲ್ಲಿ ಹಿಡಿಯಬೇಡಿ, ರಬ್ಬರ್ ಹಿಡಿಯ ಇಕ್ಕಳ ಬಳಸಿ. ಸ್ವಿಚ್ ಆನ್ ಮಾಡಿ ಇನ್ನೊಬ್ಬರು ಹಗ್ಗ ಎಳೆಯಲಿ. ನೆರಳಿನಲ್ಲಿ ನೋಡಿದರೆ ನೀಲಿ ಕಿಡಿ ಚಟ್ ಅಂತ ಹಾರಬೇಕು. ಕೆಂಪಗೆ, ಮಂಕಾಗಿ ಬಂದರೆ ಸಾಲದು.

ಕಿಡಿ ಬರದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ. ಇಡೀ ಮಿಷನ್‌ನಲ್ಲಿ ಅತಿ ಕಡಿಮೆ ಬೆಲೆಯ ಭಾಗ ಅದು, ಒಂದು ಯಾವಾಗಲೂ ತೋಟದಲ್ಲಿ ಇರಬೇಕು. ಹಳೇ ಪ್ಲಗ್ ಅಂಗಡಿಗೆ ತೆಗೆದುಕೊಂಡು ಹೋಗಿ ಅದೇ ನಂಬರಿನದು ತನ್ನಿ. ಪ್ಲಗ್ ತುದಿಯ ಸಂದು ಮಿಷನ್ ನೋಡಿಕೊಂಡು 0.5ರಿಂದ 0.7 ಮಿಲಿಮೀಟರ್ ಇರುತ್ತದೆ. ಪುಸ್ತಕದಲ್ಲಿ ಹೇಳಿದಷ್ಟು ಇದೆಯಾ ಅಂತ ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್‌ನಲ್ಲಿ ಅಳೆದು ನೋಡಿ.

ಹೊಸ ಪ್ಲಗ್‌ಗೂ ಕಿಡಿ ಇಲ್ಲವೆಂದರೆ ಸ್ವಿಚ್‌ನ ವೈರ್ ನೋಡಿ. ಈ ಮಿಷನ್‌ಗಳಲ್ಲಿ ಸ್ವಿಚ್ ಆಫ್ ಮಾಡಿದಾಗ ಕಿಡಿ ಹುಟ್ಟಿಸುವ ಕಾಯಿಲ್‌ನ ಕರೆಂಟ್ ಎಂಜಿನ್ ಬಾಡಿಗೆ ಇಳಿದು ಕಿಡಿ ನಿಲ್ಲುತ್ತದೆ. ಹಿಡಿಯಿಂದ ಎಂಜಿನ್‌ವರೆಗೆ ಬರುವ ಆ ವೈರ್ ಎಲ್ಲಾದರೂ ಸಿಪ್ಪೆ ಸುಲಿದು ಲೋಹಕ್ಕೆ ತಾಗಿದರೆ ಸ್ವಿಚ್ ಆನ್ ಇದ್ದರೂ ಎಂಜಿನ್ ಪಾಲಿಗೆ ಆಫ್. ಗೋಡೌನ್‌ನಲ್ಲಿಟ್ಟ ಮಿಷನ್‌ನ ವೈರನ್ನು ಇಲಿ ಕಡಿಯುವುದು ನಮ್ಮ ಕಡೆ ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು. ಎಂಜಿನ್ ಹತ್ತಿರದ ಜೋಡಣೆಯಲ್ಲಿ ಆ ವೈರ್ ಬಿಡಿಸಿ ಮತ್ತೆ ಕಿಡಿ ನೋಡಿ. ಈಗ ಬಂತು ಅಂದರೆ ತಪ್ಪು ವೈರ್‌ನದೋ ಸ್ವಿಚ್‌ನದೋ ಆಗಿರುತ್ತದೆ. ವೈರ್ ಬಿಡಿಸಿದಾಗ ಸ್ವಿಚ್‌ನಿಂದ ಎಂಜಿನ್ ನಿಲ್ಲುವುದಿಲ್ಲ, ಹಾಗಾಗಿ ಆ ಸ್ಥಿತಿಯಲ್ಲಿ ಕೆಲಸಕ್ಕೆ ಕಳಿಸಲೇಬೇಡಿ. ವೈರ್ ಬಿಡಿಸಿದರೂ ಕಿಡಿ ಇಲ್ಲದಿದ್ದರೆ ಕಾಯಿಲ್ ನೋಡಬೇಕು, ಅದು ಮೆಕ್ಯಾನಿಕ್ ಕೆಲಸ.

ಕಿಡಿ ಚೆನ್ನಾಗಿದೆ, ಪ್ಲಗ್ ಮಾತ್ರ ಮತ್ತೆ ಮತ್ತೆ ಒದ್ದೆ. ಆಗ ಗಾಳಿಯ ದಾರಿ ನೋಡಿ. ಏರ್ ಫಿಲ್ಟರ್ ಧೂಳು, ಎಣ್ಣೆ ಸೇರಿ ಮೆತ್ತಿಕೊಂಡಿದ್ದರೆ ಸದಾ ಚೋಕ್ ಹಾಕಿದಂತೆಯೇ ಆಗುತ್ತದೆ. ಸ್ಪಂಜಿನ ಫಿಲ್ಟರ್ ಆದರೆ ಸೋಪು ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ, ಕಾಗದದ್ದಾದರೆ ಬದಲಿಸಿ. ಹೊಗೆ ಹೋಗುವ ಬಾಯಿಯನ್ನೂ ನೋಡಿ. ಸೈಲೆನ್ಸರ್‌ನ ಸಣ್ಣ ಜಾಲರಿ ಮಸಿಯಿಂದ ಮುಚ್ಚಿರಬಹುದು. ನಿಲ್ಲಿಸಿಟ್ಟ ಮಿಷನ್‌ನ ಸೈಲೆನ್ಸರ್ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿಬಿಡುತ್ತದೆ. ಹೊಗೆ ಹೊರಗೆ ಹೋಗದೆ ಹೊಸ ಗಾಳಿ ಒಳಗೆ ಬರುವುದಿಲ್ಲ. ಒಂದು ತಂತಿ ಆಡಿಸಿದರೆ ಮುಗಿಯುವ ಕೆಲಸಕ್ಕೆ ಕಾರ್ಬೊರೇಟರ್ ಬಿಚ್ಚಿಸಿದವರಿದ್ದಾರೆ.

ಬಾಬಾಬುಡನ್‌ಗಿರಿ ತಪ್ಪಲಿನ ಎತ್ತರದ ತೋಟದವರಿಗೆ ಒಂದು ಮಾತು. ಚಿಕ್ಕಮಗಳೂರು ಪೇಟೆಯೇ ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಮೇಲಿದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಅದೇ ಪೆಟ್ರೋಲ್‌ಗೆ ಗಾಳಿ ಸಾಲುವುದಿಲ್ಲ. ಕೆಳಗೆ ಸರಿಯಾಗಿದ್ದ ಮಿಷನ್ ಅಲ್ಲಿ ಪ್ಲಗ್ ಕಪ್ಪು ಮಾಡಿಕೊಳ್ಳುತ್ತಿದ್ದರೆ ಕಾರ್ಬೊರೇಟರ್ ಹೊಂದಿಸಬೇಕಾಗಬಹುದು. ಅದನ್ನು ತಿಳಿದವರಿಂದ ಮಾಡಿಸಿ. ಪೆಟ್ರೋಲ್ ತೀರಾ ಕಡಿಮೆ ಮಾಡಿದರೆ ಆಯಿಲ್ ಕೂಡ ಕಡಿಮೆಯಾಗಿ ಪಿಸ್ಟನ್ ಹೋಗುತ್ತದೆ.

ಪ್ಲಗ್ ಒಣಗಿದ್ದರೆ

ಪೆಟ್ರೋಲ್ ಸಿಲಿಂಡರ್‌ವರೆಗೆ ಬರುತ್ತಿಲ್ಲ. ಖಾತ್ರಿ ಮಾಡಿಕೊಳ್ಳಲು ಬೆರೆಸಿದ ಪೆಟ್ರೋಲ್‌ನ ನಾಲ್ಕೈದು ಹನಿಯನ್ನು ಪ್ಲಗ್ ತೂತಿಗೆ ಬಿಟ್ಟು, ಪ್ಲಗ್ ಹಾಕಿ, ಚೆಲ್ಲಿದ್ದನ್ನು ಒರೆಸಿ ಎಳೆಯಿರಿ. ಎರಡು ಸೆಕೆಂಡ್ ಓಡಿ ನಿಂತರೆ ಕಿಡಿ, ಎಂಜಿನ್ ಎರಡೂ ಸರಿ ಇವೆ ಅಂತಾಯಿತು. ಟ್ಯಾಂಕ್‌ನಿಂದ ಕಾರ್ಬೊರೇಟರ್‌ವರೆಗಿನ ದಾರಿಯನ್ನು ಮಾತ್ರ ಹುಡುಕಿದರೆ ಸಾಕು.

ಟ್ಯಾಂಕ್ ಕಡೆಯಿಂದ ಶುರು ಮಾಡಿ. ತಂತಿಯನ್ನು ಕೊಕ್ಕೆಯಂತೆ ಬಗ್ಗಿಸಿ ಒಳಗಿನ ಫಿಲ್ಟರನ್ನು ಪೈಪ್ ಸಮೇತ ಮೆಲ್ಲಗೆ ಹೊರಗೆ ಎಳೆಯಿರಿ. ಕಂದು ಬಣ್ಣಕ್ಕೆ ತಿರುಗಿದ್ದರೆ ತೊಳೆಯುತ್ತಾ ಕೂರಬೇಡಿ, ಹೊಸದು ಹಾಕಿ. ಪೈಪನ್ನು ಬೆರಳಿನಿಂದ ಬಗ್ಗಿಸಿ ನೋಡಿ. ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ, ಬಗ್ಗಿಸಿದಾಗ ಸಣ್ಣ ಬಿರುಕು ಕಂಡರೆ ಅಲ್ಲಿಂದ ಪೆಟ್ರೋಲ್ ಬದಲು ಗಾಳಿ ಎಳೆಯುತ್ತಿದೆ. ಪ್ರೈಮರ್ ಬಲ್ಬ್ ಬಿರುಕು ಬಿಟ್ಟರೂ ಇದೇ ಕಥೆ. ಒತ್ತಿದಾಗ ಬರೀ ಗಾಳಿಯ ಗುಳ್ಳೆ ಬರುತ್ತಲೇ ಇರುತ್ತದೆ, ಪೆಟ್ರೋಲ್ ತುಂಬುವುದೇ ಇಲ್ಲ.

ಸ್ಟಾರ್ಟ್ ಆಗಿ ಹತ್ತು ಹದಿನೈದು ನಿಮಿಷ ಓಡಿ ನಿಲ್ಲುವ ಮಿಷನ್‌ನಲ್ಲಿ ಟ್ಯಾಂಕ್‌ಗೆ ಗಾಳಿ ಹೋಗುವ ಸಣ್ಣ ತೂತು ಮುಚ್ಚಿರಬಹುದು. ಪೆಟ್ರೋಲ್ ಖಾಲಿಯಾದಷ್ಟೂ ಗಾಳಿ ಒಳಗೆ ಬರಬೇಕು, ಇಲ್ಲದಿದ್ದರೆ ಪೆಟ್ರೋಲ್ ಹರಿಯುವುದಿಲ್ಲ. ನಿಂತಾಗ ಎಂಜಿನ್ ತಣ್ಣಗಾಗಲು ಬಿಟ್ಟು ಮುಚ್ಚಳ ಸಡಿಲಿಸಿ. ಸುಸ್ ಅಂತ ಗಾಳಿ ಒಳಗೆ ಎಳೆದ ಸದ್ದು ಬಂದು, ಆಮೇಲೆ ಸಲೀಸಾಗಿ ಸ್ಟಾರ್ಟ್ ಆದರೆ ಆ ತೂತನ್ನು ಸ್ವಚ್ಛ ಮಾಡಿ.

ಇವೆಲ್ಲ ಸರಿ ಇದ್ದ ಮೇಲೆ ಕಾರ್ಬೊರೇಟರ್. ಒಳಗೆ ತೆಳುವಾದ ಡಯಾಫ್ರಮ್ ಇರುತ್ತದೆ, ಅದು ಬಡಿದುಕೊಂಡು ಪೆಟ್ರೋಲ್ ಪಂಪ್ ಮಾಡುತ್ತದೆ. ಹಳೇ ಪೆಟ್ರೋಲ್‌ನಲ್ಲಿ ನೆನೆದು ಒಣಗಿದರೆ ಅದು ಗಟ್ಟಿಯಾಗಿ ಬಡಿಯುವುದನ್ನೇ ಬಿಡುತ್ತದೆ. ಕಿಟ್ ಬರುತ್ತದೆ, ಕೈ ಪಳಗಿದವರು ಮನೆಯಲ್ಲೇ ಬದಲಿಸಬಹುದು. ಬಿಚ್ಚುವಾಗ ಒಂದೊಂದು ಹಂತಕ್ಕೂ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಗ್ಯಾಸ್ಕೆಟ್ ಯಾವುದರ ಮೇಲೆ ಯಾವುದು ಅನ್ನುವುದು ಆಮೇಲೆ ನೆನಪಿರುವುದಿಲ್ಲ. ಸಣ್ಣ ತೂತುಗಳಿಗೆ ಸೂಜಿ ಚುಚ್ಚಬೇಡಿ, ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಸಾಕು.

ಮರ ಕೊಯ್ಯುವ ಮಿಷನ್‌ಗೂ, ಬೆನ್ನಿಗೆ ಹಾಕಿಕೊಳ್ಳುವ ಪೆಟ್ರೋಲ್ ಸ್ಪ್ರೇಯರ್‌ಗೂ ಹುಡುಕುವ ದಾರಿ ಇದೇ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲೋ ಗೊರೂರಿನ ಹೇಮಾವತಿ ಹಿನ್ನೀರಿನಲ್ಲೋ ದೋಣಿಗೆ ಕಟ್ಟುವ ಮೋಟಾರ್ ಇಟ್ಟುಕೊಂಡವರು ಇದಕ್ಕೆ ಮೊದಲು ಇನ್ನೆರಡು ನೋಡಿ: ಮೈಗೆ ಸಿಕ್ಕಿಸಿಕೊಳ್ಳುವ ಸುರಕ್ಷತಾ ಹಗ್ಗದ ಕ್ಲಿಪ್ ಸ್ವಿಚ್‌ನಲ್ಲಿ ಕೂತಿದೆಯಾ, ಗೇರ್ ನ್ಯೂಟ್ರಲ್‌ನಲ್ಲಿದೆಯಾ. ಮತ್ತೆ ಆ ಮೋಟಾರನ್ನು ನೀರಿನಿಂದ ಹೊರಗಿಟ್ಟು ಓಡಿಸಿ ನೋಡಬೇಡಿ. ತಂಪು ಮಾಡುವ ಪಂಪ್‌ನ ರಬ್ಬರ್ ನೀರಿಲ್ಲದೆ ಬೇಗ ಸುಟ್ಟುಹೋಗುತ್ತದೆ.

ಹಗ್ಗ ಸುಲಭವಾಗಿ ಬರುತ್ತಿದ್ದರೆ

ಪೆಟ್ರೋಲ್ ಇದೆ, ಕಿಡಿ ಇದೆ, ಆದರೂ ಸ್ಟಾರ್ಟ್ ಆಗುತ್ತಿಲ್ಲ. ಹಗ್ಗ ಎಳೆದಾಗ ಒಂದು ಬಿಗಿ ಸಿಗಬೇಕು. ಏನೂ ತಡೆಯಿಲ್ಲದೆ ಸರ್ ಅಂತ ಬಂದರೆ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಹೋಗಿದೆ. ಪ್ಲಗ್ ಬಿಗಿಯಾಗಿದೆಯಾ ನೋಡಿ, ಸಡಿಲ ಪ್ಲಗ್‌ಗೂ ಹೀಗಾಗುತ್ತದೆ. ಬಿಗಿ ಇದ್ದರೆ, ಟೂ ಸ್ಟ್ರೋಕ್ ಮಿಷನ್‌ನ ಸೈಲೆನ್ಸರ್ ಬಿಚ್ಚಿ ಆ ತೂತಿನಲ್ಲಿ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ನುಣ್ಣಗೆ ಹೊಳೆಯುತ್ತಿದ್ದರೆ ಒಳ್ಳೆಯದು. ಮೇಲಿಂದ ಕೆಳಗೆ ಗೀರುಗಳಿದ್ದರೆ ಆಯಿಲ್ ಇಲ್ಲದೆ ಓಡಿದೆ ಅಂತ ಅರ್ಥ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಸಿಲಿಂಡರ್, ಪಿಸ್ಟನ್ ಬದಲಿಸುವ ಖರ್ಚು ಕೇಳಿ, ಹೊಸ ಮಿಷನ್ ಬೆಲೆ ಜೊತೆ ಹೋಲಿಸಿ ತೀರ್ಮಾನ ಮಾಡಿ. ಅಂಥ ಮಿಷನ್ ಓಡಿಸಿದವರನ್ನು ಬೈಯುವ ಮೊದಲು ಪೆಟ್ರೋಲ್ ಬೆರೆಸಿದ್ದು ಯಾರು, ಯಾವ ಕ್ಯಾನ್‌ನಿಂದ ಹಾಕಿದ್ದು ಅಂತ ವಿಚಾರಿಸಿ.

ಮೆಕ್ಯಾನಿಕ್ ಹತ್ತಿರ ಹೋಗುವಾಗ ಬಿಚ್ಚಿದ ಪ್ಲಗ್ಗನ್ನು ಒರೆಸದೆ ತೆಗೆದುಕೊಂಡು ಹೋಗಿ. ಒದ್ದೆ ಇತ್ತಾ ಒಣಗಿತ್ತಾ, ಕಿಡಿ ಬಂತಾ, ಹನಿ ಪೆಟ್ರೋಲ್‌ಗೆ ಓಡಿತಾ, ಇಷ್ಟು ಹೇಳಿದರೆ ಅವರ ಸಮಯವೂ ಉಳಿಯುತ್ತದೆ, ಬೇಡದ ಸಾಮಾನು ಬದಲಿಸುವುದೂ ತಪ್ಪುತ್ತದೆ.

ಕೊಯ್ಲಿಗೆ ಮೊದಲು ಎತ್ತಿಡುವಾಗ

ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾಗುವ ಹೊತ್ತಿಗೆ ಕಳೆ ಕೆಲಸ ನಿಲ್ಲುತ್ತದೆ. ಅವತ್ತೇ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಿ, ಪೈಪ್ ಮತ್ತು ಕಾರ್ಬೊರೇಟರ್‌ನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಬಿಡಿ. ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ಒಂದು ಚಮಚದಷ್ಟು ಎಂಜಿನ್ ಆಯಿಲ್ ತೂತಿಗೆ ಬಿಟ್ಟು, ಸ್ವಿಚ್ ಆಫ್ ಇಟ್ಟುಕೊಂಡು ಎರಡು ಸಲ ನಿಧಾನವಾಗಿ ಹಗ್ಗ ಎಳೆದು, ಪ್ಲಗ್ ಹಾಕಿ. ಸೈಲೆನ್ಸರ್ ಬಾಯಿಗೆ ಬಟ್ಟೆ ಕಟ್ಟಿದರೆ ಕಣಜ ಒಳಗೆ ಹೋಗುವುದಿಲ್ಲ. ಬಟ್ಟೆ ಕಣ್ಣಿಗೆ ಬೀಳುವ ಬಣ್ಣದ್ದಿರಲಿ, ಸ್ಟಾರ್ಟ್ ಮಾಡುವಾಗ ಮರೆಯಬಾರದು.

ಇಡುವ ಜಾಗ ಬಹಳ ಮುಖ್ಯ. ಹೆಚ್ಚಿನ ತೋಟಗಳಲ್ಲಿ ಗೊಬ್ಬರದ ಚೀಲ, ಗಿಡದ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ, ಮಿಷನ್ ಎಲ್ಲ ಒಂದೇ ಕೋಣೆಯಲ್ಲಿ ಇರುತ್ತವೆ. ಯೂರಿಯಾ ತೇವ ಎಳೆಯುತ್ತದೆ, ಮೈಲುತುತ್ತದ ಪುಡಿ ತೇವದ ಜೊತೆ ಅಲ್ಯೂಮಿನಿಯಂ ಮತ್ತು ಕಬ್ಬಿಣವನ್ನು ತಿನ್ನುತ್ತದೆ. ಕಾರ್ಬೊರೇಟರ್, ಸಿಲಿಂಡರ್ ಆಗುವುದೇ ಅಲ್ಯೂಮಿನಿಯಂನಿಂದ. ಮಿಷನ್ ಬೇರೆ ಕೋಣೆಯಲ್ಲಿ, ಗಾಳಿ ಆಡುವ ಕಡೆ, ನೆಲದಿಂದ ಮೇಲೆ ಗೋಡೆಗೆ ತೂಗುಹಾಕಿ. ಪೆಟ್ರೋಲ್ ಕ್ಯಾನ್ ಮೇಲೆ ಬೆರೆಸಿದ ತಾರೀಕು ಬರೆದ ಪಟ್ಟಿ ಅಂಟಿಸಿ, ಪ್ಲಗ್ ಪಾನಾವನ್ನು ಆ ಮಿಷನ್‌ಗೇ ದಾರದಲ್ಲಿ ಕಟ್ಟಿಡಿ.